ಬಯಲು ಪ್ರಸಂಗದ ದೊಡ್ಡಪ್ಪನ ಜೊತೆ ಕೊಡಗಿಗೆ

ಶುಕ್ರವಾರ: ಸಂಪಾಜೆ ಘಟ್ಟ, ಮಡಿಕೇರಿ

ಕಾಲೇಜು ಗೇಟಿನ ಎದುರು ನಿಂತು ಪ್ರಸಂಗ, ಅಂದರೆ ಕ್ರೈಸ್ತ ಬೋಧನೆ, ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಇರುಸುಮುರುಸು. ಹುಟ್ಟಿದ್ದು ಸಿ.ಎಸ್.ಐ. ಸಭೆಗೆ (ಪ್ರೊಟೆಸ್ಟಂಟ್ ಚರ್ಚಿಗೆ) ಸೇರಿದ ಮನೆಯಲ್ಲೇ. ಆದರೂ ಯಾರಾದರೂ ಕೈಗೆ ಕರಪತ್ರ ಕೊಟ್ಟರೆ ಜೇಬಿಗೆ ತುರುಕಿ ಜಾಗ ಖಾಲಿ ಮಾಡುವವನು ನಾನು. ನಮ್ಮ ದೊಡ್ಡಪ್ಪ ಇದಕ್ಕೆ ಪೂರ್ತಿ ಉಲ್ಟಾ. ಪ್ರಾಯದಲ್ಲಿ ಅವರು ಬಯಲು ಪ್ರಸಂಗದ ಒಂದು ತಂಡದಲ್ಲಿದ್ದರು. ರಜೆ ಸಿಕ್ಕಿದಾಗ ಮಂಗಳೂರಿನಿಂದ ಘಟ್ಟ ಹತ್ತಿ, ಮಡಿಕೇರಿ, ವಿರಾಜಪೇಟೆ ಕಡೆ ಕಾಲೇಜು ಹುಡುಗರ ನಡುವೆ ಸುವಾರ್ತೆ ಸಾರುತ್ತಿದ್ದರು. ಈಗ ಎಪ್ಪತ್ತು ದಾಟಿದೆ, ಮೊಣಕಾಲು ನೋವು ಬೇರೆ. "ಆ ಜಾಗಗಳನ್ನೆಲ್ಲ ಒಮ್ಮೆ ನೋಡಿ ಬರುವ ಮಾರಾಯ, ಆನಂದಪುರಕ್ಕೂ ಹೋಗಬೇಕು" ಎಂದು ವರ್ಷಗಟ್ಟಲೆ ಹೇಳುತ್ತಿದ್ದರು. ಡಿಸೆಂಬರ್ ಶುರುವಿನಲ್ಲಿ, ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಹೊರಟೆವು.

ಸುಳ್ಯದಲ್ಲಿ ಬಸ್ಸು ನಿಂತಾಗ ಬನ್ಸ್ ಮತ್ತು ಚಹಾ. ಮುಂದೆ ಘಟ್ಟದ ತಿರುವುಗಳಿವೆ, ಹೊಟ್ಟೆ ಗಟ್ಟಿ ಇಲ್ಲದವರು ಇಲ್ಲಿ ಜಾಸ್ತಿ ತಿನ್ನದಿರುವುದೇ ಒಳ್ಳೆಯದು. ದೊಡ್ಡಪ್ಪ ಎರಡು ಬನ್ಸ್ ತಿಂದರು, ಅವರಿಗೆ ಏನೂ ಆಗಲಿಲ್ಲ. ನಾನು ಒಂದೇ ತಿಂದು ಜೋಡುಪಾಲದ ಹೊತ್ತಿಗೆ ಕಿಟಕಿಗೆ ತಲೆ ಆನಿಸಿಕೊಂಡಿದ್ದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದು ಇದೇ ಸುತ್ತಿನಲ್ಲಿ. ಈಗ ಎಲ್ಲ ಕಡೆ ಹಸಿರು ಮುಚ್ಚಿದೆ. ಆದರೂ ಬಸ್ಸಿನಲ್ಲಿದ್ದ ಒಬ್ಬರು ಕೈ ತೋರಿಸಿ "ಅಲ್ಲಿ ಮನೆ ಇತ್ತು, ಅಲ್ಲಿ ಇನ್ನೊಂದು" ಎಂದು ಪಕ್ಕದವರಿಗೆ ಹೇಳುತ್ತಲೇ ಇದ್ದರು.

ಮಡಿಕೇರಿಯಲ್ಲಿ ಅವತ್ತು ಸಂತೆ. ಕಿತ್ತಳೆ ರಾಶಿ, ಕಾಳುಮೆಣಸು, ಹಬ್ಬಕ್ಕೆ ಮಾರಿ ಉಳಿದ ಹುತ್ತರಿ ಗೆಣಸು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ನೋಡಲು ಅಷ್ಟೇನೂ ಚೆಂದ ಇರುವುದಿಲ್ಲ. ಹೊಳೆಯುವ ಹಣ್ಣು ಕಂಡರೆ ಅದು ಬೇರೆ ಊರಿನದು ಎಂದು ಮಾರುವವಳೇ ಹೇಳಿದಳು. ದೊಡ್ಡಪ್ಪ ಹಣ್ಣು ಆರಿಸುತ್ತಾ ಪಾಠ ಶುರು ಮಾಡಿದರು. ಹಿಂದೆ ಯುರೋಪಿನಿಂದ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ಸಂತೆ, ಜಾತ್ರೆ ಬಿಡುತ್ತಿರಲಿಲ್ಲ. ಜನ ಸೇರುವ ಕಡೆ ನಿಂತು ಓದುವುದು, ಹಾಡುವುದು, ಮಾತಾಡುವುದು. ಆಮೇಲೆ ವಾದ. "ವಾದ ಬಂದರೆ ಒಳ್ಳೆಯ ದಿನ ಅಂತ ಲೆಕ್ಕ. ಯಾರೂ ಏನೂ ಕೇಳದೆ ಹೋದರೆ ಅವತ್ತು ನಷ್ಟ."

ಕೋಟೆಯೊಳಗೆ ಸೇಂಟ್ ಮಾರ್ಕ್ಸ್ ಚರ್ಚ್ ಇದೆ. ಬ್ರಿಟಿಷರ ಕಾಲದಲ್ಲಿ, 1850ರ ದಶಕದಲ್ಲಿ ಕಟ್ಟಿದ್ದು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಪೀಠ ಇರಬೇಕಾದಲ್ಲಿ ಶಿಲ್ಪ, ವೀರಗಲ್ಲು. ದೊಡ್ಡಪ್ಪನಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಅವರು ಕಿಟಕಿ ನೋಡುತ್ತಾ "ಇಲ್ಲಿ ಕೂರುತ್ತಿದ್ದವರು ದೊರೆಗಳು. ನಮಗೂ ಇದಕ್ಕೂ ಅಷ್ಟೇನೂ ಸಂಬಂಧ ಇರಲಿಲ್ಲ" ಎಂದರು. ಹೊರಗೆ ಕಲ್ಲಿನ ಆನೆಗಳ ಹತ್ತಿರ ಗೌರಮ್ಮನ ಮಾತು ಬಂತು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ. 1834ರಲ್ಲಿ ರಾಜ್ಯ ಕಳಕೊಂಡವನು. ಅವನು 1852ರಲ್ಲಿ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರಕೊಂಡು ಹೋದ. ಅಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು, ಕ್ರೈಸ್ತಳಾದಳು. ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ಹುಡುಗಿಗೆ ಆಗ ಸುಮಾರು ಹನ್ನೊಂದು ವರ್ಷ. 1864ರಲ್ಲಿ ತೀರಿಕೊಂಡಳು.

"ನಮ್ಮವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಇಷ್ಟ ಆಗುವುದಿಲ್ಲ" ಎಂದರು ದೊಡ್ಡಪ್ಪ. "ಎದುರಿಗೆ ರಾಣಿ ನಿಂತಿದ್ದಾಳೆ. ಬೇಡ ಅಂತ ಎದ್ದು ಹೋಗಲು ಆಗುತ್ತಿತ್ತಾ ಆ ಮಗುವಿಗೆ?"

ಎದ್ದು ಹೋಗುವ ಈ ಮಾತು ಆಮೇಲೆ ಪ್ರವಾಸದುದ್ದಕ್ಕೂ ಬಂತು.

ಸಂಜೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನ ಕಡೆ ಹೋದೆವು. 1949ರಲ್ಲಿ ಶುರುವಾದ ಕಾಲೇಜು. ಮಕ್ಕಳು ಮನೆಗೆ ಹೋಗುವ ಹೊತ್ತು. ಬಸ್ಸಿಗೆ ಕಾಯುವವರು, ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡವರು, ಮೊಬೈಲಿನಲ್ಲಿ ಮುಳುಗಿದವರು. ದೊಡ್ಡಪ್ಪ ರಸ್ತೆ ಬದಿಯ ಒಂದು ಜಾಗ ತೋರಿಸಿದರು. ಒಬ್ಬ ಅಕಾರ್ಡಿಯನ್, ಒಬ್ಬ ಡೋಲಕ್. ಮೊದಲು ಒಂದು ಹಾಡು. ಆಮೇಲೆ ಯಾರಾದರೂ ಹೊಸಬ ತನ್ನ ಸಾಕ್ಷಿ, ಅಂದರೆ ತಾನು ನಂಬಿಕೆಗೆ ಬಂದ ಕತೆ, ಹೇಳುವುದು. ಕೊನೆಗೆ ದೊಡ್ಡಪ್ಪನ ಪ್ರಸಂಗ. ಹತ್ತು ನಿಮಿಷ ದಾಟುವ ಹಾಗಿಲ್ಲ, ಯಾಕೆಂದರೆ ಬಸ್ಸು ಬಂದುಬಿಡುತ್ತಿತ್ತು. ದಾರಿ ಅಡ್ಡಗಟ್ಟಬಾರದು. ಬೇರೆಯವರ ದೇವರ ಸುದ್ದಿ ಎತ್ತಬಾರದು. ಹೊರಟವನ ಹಿಂದೆ ಹೋಗಬಾರದು. ತಂಡದ ಹಿರಿಯರು ಹಾಕಿದ ಕಟ್ಟುಪಾಡು ಇದು. ಹುಡುಗರು ಏನು ಮಾಡುತ್ತಿದ್ದರು ಎಂದು ಕೇಳಿದೆ. "ಎಲ್ಲ ಸೇರಿ ಕೆಮ್ಮುತ್ತಿದ್ದರು. 'ಆಮೆನ್' ಅಂತ ಬೇಡದ ಜಾಗದಲ್ಲಿ ಕೂಗುತ್ತಿದ್ದರು. ಒಮ್ಮೆ ನಮ್ಮ ಡೋಲಕ್ ಇಸಕೊಂಡು ವಾಲಗದ ಪೆಟ್ಟು ಬಾರಿಸಿ ಕುಣಿದರು. ಅವತ್ತು ಸೇರಿದಷ್ಟು ಜನ ಮತ್ತೆ ಯಾವತ್ತೂ ಸೇರಲಿಲ್ಲ!"

ಚಳಿ ಏರುತ್ತಿತ್ತು. ಅವರು ಅಲ್ಲೇ ನಿಂತು ಜಾನ್ ವೆಸ್ಲಿಯ ಕತೆ ಹೇಳಿದರು. ಆಕ್ಸ್‌ಫರ್ಡಿನಲ್ಲಿ ಕಲಿತ ಪಾದ್ರಿ, ಶಿಸ್ತಿನ ಮನುಷ್ಯ. ಚರ್ಚಿನ ಹೊರಗೆ ಪ್ರಸಂಗ ಮಾಡುವುದೇ ಪಾಪವೇನೋ ಎನ್ನುವಷ್ಟು ಮಡಿ. 1739ರಲ್ಲಿ ಗೆಳೆಯ ವೈಟ್‌ಫೀಲ್ಡ್ ಬ್ರಿಸ್ಟಲ್ ಹತ್ತಿರ ಕಲ್ಲಿದ್ದಲು ಗಣಿಯವರಿಗೆ ಬಯಲಲ್ಲೇ ಬೋಧಿಸಿದ. ಆಮೇಲೆ ವೆಸ್ಲಿಯನ್ನೂ ಕರೆಸಿ ನಿಲ್ಲಿಸಿದ. ವೆಸ್ಲಿಗೆ ಮುಜುಗರ, ಆದರೂ ನಿಂತ. ಆಮೇಲೆ ಸಾಯುವವರೆಗೂ ಬಯಲು ಬಿಡಲಿಲ್ಲ. ದೊಡ್ಡಪ್ಪನಿಗೆ ಇಷ್ಟವಾದದ್ದು ಆ ಮುಜುಗರ. "ನಾಚಿಕೆ ಇಲ್ಲದೆ ಬೀದಿಯಲ್ಲಿ ಮಾತಾಡುವವನನ್ನು ನಂಬಬೇಡ" ಎಂದರು.

ಶನಿವಾರ: ಸುಂಟಿಕೊಪ್ಪ, ಚಿಕ್ಕ ಅಳುವಾರ

ಬೆಳಿಗ್ಗೆ ಕುಶಾಲನಗರದ ಕಡೆ ಇಳಿದೆವು. ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಮನೆಯಲ್ಲಿ ವಾಸ್ತವ್ಯ. ಹೋಂಸ್ಟೇ ಎಂದು ಬೋರ್ಡ್ ಇದ್ದರೂ ಮನೆಯವರ ಜೊತೆಯೇ ಊಟ. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಕಣದ ತುಂಬ ಕಾಫಿ ಹರಡಿದ್ದರು. ಕೊಯ್ಲಿನ ಸಮಯದಲ್ಲಿ ಹೋಗುವವರು ಒಂದು ತಿಳಿದಿರಲಿ: ತೋಟದವರಿಗೆ ನಿಮ್ಮನ್ನು ಸುತ್ತಾಡಿಸಲು ಪುರುಸೊತ್ತು ಇರುವುದಿಲ್ಲ. ಆದರೆ ಕಾಫಿ ಹೇಗಾಗುತ್ತದೆ ಎಂದು ಸುಮ್ನೆ ಕೂತು ನೋಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ತಿಂಡಿಗೆ ನೂಪುಟ್ಟು, ಕೋಳಿ ಕರಿ, ಬೆಲ್ಲದ ಕಾಫಿ.

ತಿಂಡಿ ಮುಗಿಸಿ ಆಟೋದಲ್ಲಿ ಚಿಕ್ಕ ಅಳುವಾರಕ್ಕೆ. ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 'ಜ್ಞಾನಕಾವೇರಿ' ಇದ್ದದ್ದು ಇಲ್ಲಿ. ಅದೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಯಿತು. ಕೊಡಗಿಗೂ ಒಂದು ವಿಶ್ವವಿದ್ಯಾಲಯ ಬಂದದ್ದನ್ನು ನೋಡಬೇಕು ಎಂದು ದೊಡ್ಡಪ್ಪನ ಆಸೆ. ಒಳಗೆ ಹೋಗೋಣವಾ ಎಂದೆ. "ಬೇಡ. ನಾನು ಯಾರು, ಯಾಕೆ ಬಂದೆ ಎಂದು ಕೇಳಿದರೆ ಸುಳ್ಳು ಹೇಳಬಾರದು. ನಿಜ ಹೇಳಿದರೆ ಪಾಪ ಗೇಟಿನವನಿಗೆ ತಲೆಬಿಸಿ" ಎಂದರು. ಹೊರಗೆ ಚಹಾ ಅಂಗಡಿ ಇತ್ತು. ಅಲ್ಲೇ ಕೂತೆವು.

ಅಲ್ಲಿ ಹಾಸ್ಟೆಲಿನ ಒಂದಷ್ಟು ಹುಡುಗರು ಎಗ್ ಪಫ್ಸ್ ತಿನ್ನುತ್ತಿದ್ದರು. ದೊಡ್ಡಪ್ಪ ಅಪರಿಚಿತರ ಜೊತೆ ಮಾತು ಶುರು ಮಾಡುವುದನ್ನು ನೋಡಬೇಕು. ಊರು ಯಾವುದು, ಏನು ಓದುತ್ತಿದ್ದೀರಿ, ಮೆಸ್ಸಿನ ಸಾರು ಹೇಗಿದೆ. ಐದು ನಿಮಿಷದಲ್ಲಿ ಅವರೂ ಕೇಳಿದರು, ನೀವು ಏನು ಮಾಡುತ್ತಿದ್ದಿರಿ ಎಂದು. ಇವರು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಒಬ್ಬ ಎದ್ದು ಅಂಗಡಿಯವನಿಗೆ ದುಡ್ಡು ಕೊಟ್ಟು ಹೋಗಿಯೇಬಿಟ್ಟ. ದೊಡ್ಡಪ್ಪ ಅವನಿಗೆ ಕೈ ಬೀಸಿದರು.

ಉಳಿದವರಲ್ಲಿ ಒಬ್ಬ ನೇರವಾಗಿ ಕೇಳಿದ. "ಅಂಕಲ್, ಎಷ್ಟು ಜನರನ್ನು ಕನ್ವರ್ಟ್ ಮಾಡಿದ್ರಿ?"

"ಕಾಲೇಜು ಗೇಟಿನಲ್ಲಾ? ಒಬ್ಬರನ್ನೂ ಇಲ್ಲ. ವಾದದಲ್ಲಿ ನನ್ನನ್ನು ಸೋಲಿಸಿದ ಒಬ್ಬ ಹುಡುಗ ಕಾಫಿ ಕುಡಿಸಿದ, ಅಷ್ಟೇ."

ನಗು ಎದ್ದಿತು. ಇನ್ನೊಬ್ಬ ಕೆ.ಎ.ಎಸ್. ಪರೀಕ್ಷೆಗೆ ಓದುವವನು. ಅವನ ಬಾಯಲ್ಲಿ ಎಲ್ಲ ತಯಾರಾಗಿತ್ತು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಪ್ರಚಾರದ ಹಕ್ಕಿದೆ. ಆದರೆ 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ವಾಪಸ್ ತೆಗೆಯಲು ತೀರ್ಮಾನಿಸಿತು. "ಒತ್ತಾಯ, ಆಮಿಷ, ಮೋಸ, ಇವು ಇರಬಾರದು. ನಿಮ್ಮ ಡೋಲಕ್ ಇದರಲ್ಲಿ ಯಾವುದಕ್ಕೂ ಬರಲ್ಲ ಅಂಕಲ್. ಆದ್ರೂ ಈಗ ನೀವು ಗೇಟಿನ ಎದುರು ನಿಂತರೆ ಅರ್ಧ ಗಂಟೆಯಲ್ಲಿ ಯಾರೋ ವಿಡಿಯೋ ಹಾಕ್ತಾರೆ, ಸಂಜೆಗೆ ಗಲಾಟೆ." ದೊಡ್ಡಪ್ಪ ತಲೆ ಅಲ್ಲಾಡಿಸಿದರು. ಅದಕ್ಕೇ ಈಗ ಯಾರೂ ನಿಲ್ಲುವುದಿಲ್ಲ, ಎಲ್ಲ ರೂಮಿನೊಳಗೆ ಬೈಬಲ್ ಓದುವ ಕೂಟಗಳೇ ಎಂದರು. ಹಾಗೆ ಓದುವ ವಿದ್ಯಾರ್ಥಿ ಕೂಟಗಳೂ ಹೊಸದಲ್ಲ. ಕೇಂಬ್ರಿಜ್‌ನಲ್ಲಿ 1877ರಲ್ಲೇ ಅಂಥ ಸಂಘ ಇತ್ತು, ನಮ್ಮ ದೇಶದಲ್ಲಿ ಯು.ಇ.ಎಸ್.ಐ. ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆ 1954ರಿಂದ ಇದೆ. ದೊಡ್ಡಪ್ಪನಿಗೆ ಅವುಗಳ ಮೇಲೆ ಗೌರವ. ಆದರೂ ತಕರಾರು ಬಿಡಲಿಲ್ಲ. "ರೂಮಿಗೆ ಬಂದವನಿಗೆ ಎದ್ದು ಹೋಗಲು ಸಂಕೋಚ. ಗೆಳೆಯ ಏನಂದುಕೊಳ್ಳುತ್ತಾನೋ ಅಂತ ಕೂತಿರುತ್ತಾನೆ. ಬಯಲಲ್ಲಿ ಆ ಕಷ್ಟ ಇಲ್ಲ ನೋಡಿ."

ಅಷ್ಟು ಹೊತ್ತು ಸುಮ್ಮನಿದ್ದ ಕೊಡವ ಹುಡುಗನೊಬ್ಬ ಆಗ ಬಾಯಿ ಬಿಟ್ಟ. "ನಮ್ಮಲ್ಲಿ ಗುರುಕಾರಣರೇ, ಅಂದ್ರೆ ತೀರಿಹೋದ ಹಿರಿಯರೇ ದೊಡ್ಡವರು, ಅಂಕಲ್. ನಮ್ಮ ಕುಲದ ಐನ್‌ಮನೆಯಲ್ಲಿ, ಒಳಗಿನ ನೆಲ್ಲಕ್ಕಿ ನಡುಬಾಡೆಯ ದೀಪದ ಎದುರು ನಿಂತರೆ ನಮ್ಮ ಅಜ್ಜ, ಮುತ್ತಜ್ಜ ಎಲ್ಲ ಅಲ್ಲೇ ಇದ್ದಾರೆ ಅನಿಸ್ತದೆ. ನಿಮ್ಮ ದೇವರನ್ನು ಒಪ್ಪಿದರೆ ಅವರನ್ನು ಏನು ಮಾಡೋದು?"

ದೊಡ್ಡಪ್ಪ ತಡವರಿಸಿದರು. ಬೈಬಲಿನಲ್ಲೂ ಅಬ್ರಹಾಮ, ಇಸಾಕ, ಯಾಕೋಬರ ದೇವರು ಎಂದೇ ಹೇಳುವುದು ಎಂದರು. ಹುಡುಗ ಒಪ್ಪಲಿಲ್ಲ. ಅದು ನಿಮ್ಮ ಅಜ್ಜಂದಿರ ಲೆಕ್ಕ, ನಮ್ಮದಲ್ಲ ಎಂದ. "ಸರಿ, ಇದಕ್ಕೆ ನಾನು ಯೋಚಿಸಿ ಹೇಳಬೇಕು" ಎಂದು ದೊಡ್ಡಪ್ಪ ಅವನ ನಂಬರ್ ಕೇಳಲಿಲ್ಲ, ತಮ್ಮ ನಂಬರ್ ಕೊಟ್ಟರು. ಈ ಸಣ್ಣ ವ್ಯತ್ಯಾಸ ನನಗೆ ಹಿಡಿಸಿತು.

ಮಧ್ಯಾಹ್ನ ಮೋಡ ಕಟ್ಟಿತು. ಡಿಸೆಂಬರಿನಲ್ಲಿ ಮಳೆಯಾ ಎನ್ನುವಷ್ಟರಲ್ಲಿ ಆಟೋದ ಗಾಜಿನ ಮೇಲೆ ದಪ್ಪ ಹನಿ. ಮನೆ ತಲುಪಿದಾಗ ಕಣದಲ್ಲಿ ಓಡಾಟವೇ ಓಡಾಟ. ಒಣಗಲು ಹಾಕಿದ ಕಾಫಿ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಮನೆಯವರು, ಆಳುಗಳು, ಅತಿಥಿಗಳು ಎಂಬ ಭೇದ ಇಲ್ಲದೆ ಎಲ್ಲರೂ ಕಾಫಿ ರಾಶಿ ಮಾಡಿ ಟಾರ್ಪಾಲು ಎಳೆದೆವು. ದೊಡ್ಡಪ್ಪ ಮೊಣಕಾಲು ಮರೆತು ಟಾರ್ಪಾಲಿನ ಮೂಲೆಗೆ ಕಲ್ಲು ಹೇರಿದರು. ನನ್ನ ಚಪ್ಪಲಿ ಕೆಸರಲ್ಲಿ ಕಿತ್ತುಹೋಯಿತು. ಮಾರನೇ ದಿನಕ್ಕೆ ತೋಟದ ಯಜಮಾನರ ರಬ್ಬರ್ ಬೂಟೇ ಗತಿ.

ರಾತ್ರಿ ಕಡಂಬುಟ್ಟು, ಪಂದಿ ಕರಿ. ಕಾಚಂಪುಳಿಯ ಆ ಕಪ್ಪು ಹುಳಿ ಮಳೆಗೆ ಹೇಳಿ ಮಾಡಿಸಿದ್ದು. ಮನೆಯ ಮಗಳು ಅಮೆರಿಕದಲ್ಲಿ ಓದಿ ರಜೆಗೆ ಬಂದಿದ್ದಳು. ನಮ್ಮ ಸುದ್ದಿ ಕೇಳಿ ಅವಳಿಗೆ ನಗು. ಅವಳ ಕ್ಯಾಂಪಸ್ಸಿನಲ್ಲಿ ವಸಂತ ಬಂದರೆ ಪ್ರಸಂಗಿಗಳೂ ಬರುತ್ತಿದ್ದರಂತೆ. ದೊಡ್ಡ ಫಲಕ ಹಿಡಿದು, ನೀವೆಲ್ಲ ನರಕಕ್ಕೆ ಎಂದು ಗಂಟೆಗಟ್ಟಲೆ ಕಿರುಚುವುದು. ಹುಡುಗರು ಪಿಜ್ಜಾ ತಿನ್ನುತ್ತಾ ಸುತ್ತ ಕೂತು ಗೇಲಿ ಮಾಡುವುದು. ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಬಯಲು ಜಾಗದಲ್ಲಿ ಮಾತಾಡುವ ಹಕ್ಕನ್ನು ಸಂವಿಧಾನದ ಮೊದಲ ತಿದ್ದುಪಡಿ ಕಾಯುತ್ತದೆ, ಹಾಗಾಗಿ ಮಾತು ಇಷ್ಟ ಆಗಲಿಲ್ಲ ಎಂದು ಓಡಿಸುವಂತಿಲ್ಲ. ಇದರಲ್ಲಿ ಹೆಸರು ಮಾಡಿದವರು ಜೆಡ್ ಸ್ಮಾಕ್. ಮೊದಲು ಇತಿಹಾಸ ಪಾಠ ಮಾಡುತ್ತಿದ್ದ ಮೇಷ್ಟ್ರು. 1970ರ ದಶಕದಿಂದ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ತಿರುಗಿ 2022ರಲ್ಲಿ ತೀರಿಕೊಂಡರು.

"ಬೈದರೆ ಜನ ನಿಲ್ಲುತ್ತಾರೆ, ಅದು ನಿಜ" ಎಂದರು ದೊಡ್ಡಪ್ಪ. "ಆದರೆ ಹಾಗೆ ನಿಂತವನು ಕೇಳುವುದಿಲ್ಲ ಮಗಳೇ."

"ಅವರಲ್ಲೂ ಒಳ್ಳೆಯವರು ಇದ್ದರು ಅಂಕಲ್. ಒಬ್ಬ ಅಜ್ಜ ಮಡಚುವ ಕುರ್ಚಿ ಎರಡು ತರುತ್ತಿದ್ದ. ಒಂದರಲ್ಲಿ ತಾನು ಕೂರುತ್ತಿದ್ದ, ಇನ್ನೊಂದು ಖಾಲಿ. ಮಾತಾಡಬೇಕು ಅನಿಸಿದವರು ಹೋಗಿ ಕೂರುತ್ತಿದ್ದರು."

ಆ ಎರಡು ಕುರ್ಚಿಯ ಬಗ್ಗೆ ದೊಡ್ಡಪ್ಪ ತುಂಬಾ ವಿಚಾರಿಸಿದರು. ಎಲ್ಲಿ ಇಡುತ್ತಿದ್ದ, ಮರದ ಕೆಳಗಾ, ಎಷ್ಟು ಹೊತ್ತು, ನೀನು ಕೂತಿದ್ದೆಯಾ. ಅವಳು ಒಮ್ಮೆ ಪರೀಕ್ಷೆ ಕೆಟ್ಟ ದಿನ ಕೂತಿದ್ದಳಂತೆ. ಏನು ಮಾತಾಡಿದಿರಿ ಎಂದರೆ, "ಅಮ್ಮನ ಬಗ್ಗೆ" ಎಂದು ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ: ಆನಂದಪುರ

ಸಿದ್ದಾಪುರದ ಕಡೆ ಹೋಗುವ ಜೀಪು ಸಿಕ್ಕಿತು. ಒಂಬತ್ತೂವರೆಗೆ ಆರಾಧನೆ, ಆರಾಮಾಗಿ ತಲುಪುತ್ತೇವೆ ಎಂದು ಲೆಕ್ಕ. ಆದರೆ ಸಿದ್ದಾಪುರ ಸುತ್ತಿನ ತೋಟಗಳಲ್ಲಿ ಆನೆಗಳೂ ವಾಸ ಇವೆ. ಒಂದು ತಿರುವಿನಲ್ಲಿ ಜನ ಕೈ ಅಡ್ಡ ಹಿಡಿದು ನಿಲ್ಲಿಸಿದರು. ತೋಟದಿಂದ ತೋಟಕ್ಕೆ ಹಿಂಡು ದಾಟುತ್ತಿದೆ, ಎಂಜಿನ್ ಬಂದ್ ಮಾಡಿ ಎಂದರು. ನಮಗೆ ಕಂಡದ್ದು ಅಲುಗುವ ಬೈನೆ ಮರ ಮಾತ್ರ. ಮುಕ್ಕಾಲು ಗಂಟೆ ಹೋಯಿತು. ಈ ಕಡೆ ಬೆಳಿಗ್ಗೆ ಬೇಗ ಅಥವಾ ಸಂಜೆ ಓಡಾಡುವವರು ಊರವರನ್ನು ಕೇಳದೆ ಒಳದಾರಿ ಹಿಡಿಯಬಾರದು.

ಆನಂದಪುರಕ್ಕೆ ಬಂದಾಗ ಪ್ರಸಂಗ ಮುಗಿದು ಕೊನೆಯ ಹಾಡು ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತೆವು. ನಾನು ರಬ್ಬರ್ ಬೂಟಿನಲ್ಲಿ. ಮುಗಿದ ಮೇಲೆ ಚಹಾ, ಹುತ್ತರಿಯ ಉಳಿಕೆ ತಂಬಿಟ್ಟು, ಬಾಳೆಹಣ್ಣು. ಚರ್ಚಿನ ಅಂಗಳದಲ್ಲಿ ಹುತ್ತರಿಯ ತಿಂಡಿ ತಿನ್ನುವುದು ಕೊಡಗಿನಲ್ಲಿ ಮಾತ್ರ ಸಾಧ್ಯ.

ಈ ಊರಿನ ಕತೆ ಹರ್ಮನ್ ಮೋಗ್ಲಿಂಗ್‌ನದು. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪಾದ್ರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ತಂದವನು. ಸುವಾರ್ತೆ ಸಾರಲು ಬಂದವನೇ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ. 1850ರ ದಶಕದ ಶುರುವಿನಲ್ಲಿ ಕೊಡಗಿನ ಆಲ್ಮಂಡ ಸೋಮಯ್ಯ ಎಂಬವನು ಮಂಗಳೂರಿಗೆ ಬಂದು ದೀಕ್ಷಾಸ್ನಾನ ಪಡೆದ, ಸ್ಟೆಫಾನಸ್ ಆದ. ಅವನ ನೆಪದಲ್ಲಿ ಮೋಗ್ಲಿಂಗ್ ಕೊಡಗಿಗೆ ಬಂದ. ಕೊಡವರಲ್ಲಿ ಹೆಚ್ಚಿನವರು ಅವನ ಮಾತು ಕೇಳಿದರು, ಉಪಚಾರ ಮಾಡಿದರು, ತಮ್ಮ ಪಾಡಿಗೆ ಹೋದರು. ಬಂದವರು ಜೀತದಲ್ಲಿದ್ದ ಹೊಲೆಯ ಸಮುದಾಯದ ಕುಟುಂಬಗಳು. ಅವರಿಗಾಗಿ ಮೋಗ್ಲಿಂಗ್ ಜಾಗ ಮಾಡಿ ಕಟ್ಟಿದ ಊರು ಇದು. 1860ರಲ್ಲಿ ಅವನು ಜರ್ಮನಿಗೆ ಮರಳಿದ. ಮತ್ತೆ ಬರಲಿಲ್ಲ.

ಚಹಾದ ಹೊತ್ತಿಗೆ ನಾನು ದೊಡ್ಡಪ್ಪನನ್ನು ಕೆಣಕಿದೆ. "ಇಲ್ಲಿ ನಿಮ್ಮ ಬಯಲಿನ ಲೆಕ್ಕ ನಡೆಯುವುದಿಲ್ಲ ಅಲ್ವಾ? ಸುವಾರ್ತೆಯ ಜೊತೆ ಮನೆ, ಜಾಗ. ಎದ್ದು ಹೋದರೆ ಅದೂ ಹೋಯಿತು."

ಅವರು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿ ಲೋಟ ತೊಳೆಯುತ್ತಿದ್ದ ಅಜ್ಜಿಯೊಬ್ಬರು ತಿರುಗಿದರು. "ಎದ್ದು ಹೋಗುವುದು ಅಂತೀಯಲ್ಲ ಮಗ, ನಮ್ಮ ಹಿರಿಯರು ಎದ್ದು ಬಂದದ್ದೇ ಇಲ್ಲಿಗೆ. ಅದಕ್ಕೆ ಮೊದಲು ಎಲ್ಲಿಂದಲೂ ಎದ್ದು ಹೋಗುವ ಹಾಗೆ ಇರಲಿಲ್ಲ ಅವರಿಗೆ." ಲೋಟ ಬೋರಲು ಹಾಕಿ, ಇನ್ನೊಂದು ತಂಬಿಟ್ಟು ತಿನ್ನು ಎಂದರು.

ದೊಡ್ಡಪ್ಪನೂ ನಾನೂ ಅದಕ್ಕೆ ಏನೂ ಹೇಳಲಿಲ್ಲ. ನನಗೆ ಇನ್ನೂ ಎರಡೂ ಮಾತು ಸರಿ ಅನಿಸುತ್ತದೆ. ಜಾಗ ಕೊಟ್ಟು ಮಾಡಿದ ಬೋಧನೆ ಬಯಲಿನ ಬೋಧನೆಯಷ್ಟು ಹಗುರ ಅಲ್ಲ. ಆದರೆ ಅದನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿ ಇರುವುದಕ್ಕಿಂತ ಆ ಅಜ್ಜಿಯ ಕೈಯಲ್ಲಿ ಇರುವುದು ನ್ಯಾಯ.

ಸೋಮವಾರ: ವಿರಾಜಪೇಟೆ, ವಾಪಸ್

ಚಪ್ಪಲಿ ಅಂಗಡಿ ಸಿಕ್ಕಿದ್ದು ವಿರಾಜಪೇಟೆಯಲ್ಲಿ, ಅಂತೂ ಬೂಟಿನಿಂದ ಬಿಡುಗಡೆ. ಯಜಮಾನರಿಗೆ ಅದನ್ನು ಬಸ್ಸಿನಲ್ಲಿ ಕಳಿಸಿಕೊಟ್ಟೆ.

ಸೇಂಟ್ ಆನ್ಸ್ ಚರ್ಚಿನ ಗೋಪುರ ಊರಿನ ಯಾವ ಮೂಲೆಯಿಂದಲೂ ಕಾಣುತ್ತದೆ. ಇದಕ್ಕೂ ಪ್ರಸಂಗಕ್ಕೂ ಸಂಬಂಧವೇ ಇಲ್ಲ. ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕರಾವಳಿಯ ಕ್ರೈಸ್ತರಲ್ಲಿ ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಬಂದರು. ದೊಡ್ಡವೀರರಾಜೇಂದ್ರ ಅವರಿಗೆ ನೆಲೆ ಕೊಟ್ಟ. ಅವನ ಹೆಸರಿನ ಈ ಪೇಟೆ, ಈ ಚರ್ಚು ಎರಡೂ 1792ರ ಹೊತ್ತಿನವು. ಮೋಗ್ಲಿಂಗ್ ಬರುವುದಕ್ಕೆ ಅರವತ್ತು ವರ್ಷ ಮೊದಲೇ, ಯಾರೂ ಯಾರಿಗೂ ಬೋಧನೆ ಮಾಡದೆ, ಒಬ್ಬ ಲಿಂಗಾಯತ ಅರಸನ ಕೃಪೆಯಿಂದ ಇಲ್ಲಿ ಗಂಟೆ ಬಾರಿಸಿತ್ತು. ಅಂಗಳದಲ್ಲಿ ಮಕ್ಕಳು ಕ್ರಿಸ್ಮಸ್ಸಿನ ಗೋದಲಿಗೆ ಬಿದಿರು ಕಟ್ಟುತ್ತಿದ್ದರು. ಅವರಲ್ಲಿ ಕೊಡವರು, ಮಲಯಾಳಿಗಳು, ಕೊಂಕಣಿಗರು ಎಲ್ಲ ಬೆರಕೆ. ಗೋದಲಿಯ ಕುರಿಗೆ ಸಗಣಿ ಬೇಕಾ ಬೇಡವಾ ಎಂದು ಜೋರು ಜಗಳ.

ಮಧ್ಯಾಹ್ನ ಊಟ ಮಾಡಿ ಮಂಗಳೂರಿನ ಬಸ್ಸು ಹತ್ತಿದೆವು. ಸೋಮವಾರ ಆದ್ದರಿಂದ ನಿಲ್ಲಲೂ ಜಾಗ ಇಲ್ಲ. ಹಿರಿಯರು ಜೊತೆಗಿದ್ದರೆ ಮಡಿಕೇರಿಯಲ್ಲಿ ಸೀಟು ಸಿಗುತ್ತದೆ ಎಂದು ನಂಬದೆ ವಿರಾಜಪೇಟೆಯಲ್ಲೇ ಹತ್ತಿ ಕೂರುವುದು ಕ್ಷೇಮ. ಘಟ್ಟ ಇಳಿಯುವಾಗ ದೊಡ್ಡಪ್ಪನಿಗೆ ಫೋನ್ ಬಂತು. ಚಿಕ್ಕ ಅಳುವಾರದ ಆ ಕೊಡವ ಹುಡುಗ. ಯೋಚಿಸಿದಿರಾ ಅಂಕಲ್, ಗುರುಕಾರಣರನ್ನು ಏನು ಮಾಡೋದು ಎಂದು ಕೇಳುತ್ತಿದ್ದಾನೆ. ದೊಡ್ಡಪ್ಪನಿಗೆ ಕಿವಿ ಸ್ವಲ್ಪ ಮಂದ, ಘಟ್ಟದಲ್ಲಿ ನೆಟ್‌ವರ್ಕೂ ಹಾಗೇ. ಸ್ಪೀಕರ್ ಹಾಕಿ, ಸಂತೆಯ ಗಂಟಲಿನಲ್ಲಿ ಶುರು ಮಾಡಿದರು. ಅಬ್ರಹಾಮನಿಂದ ಹಿಡಿದು ನಮ್ಮ ಮುತ್ತಜ್ಜನವರೆಗೆ. ಹುಡುಗನೂ ಬಿಡಲಿಲ್ಲ. ಸಂಪಾಜೆ ಬಂದರೂ ಮುಗಿಯುವ ಲಕ್ಷಣ ಇಲ್ಲ.

ಎದುರಿನ ಸೀಟಿನವರು ಕೊನೆಗೆ ತಿರುಗಿ ನೋಡಿದರು. "ಅಜ್ಜ, ಸ್ವಲ್ಪ ಮೆಲ್ಲ ಮಾತಾಡಿ. ನಾವು ಎದ್ದು ಹೋಗುವ ಅಂದರೆ ಸುಳ್ಯದವರೆಗೆ ಸ್ಟಾಪ್ ಇಲ್ಲ."